ಕಿಕ್ ಮತ್ತು ದನಿ ಬಿಟ್ಟು ಉಳಿದದ್ದೆಲ್ಲ ಮ್ಯೂಟ್: ಒಂದು ಹೌಸ್ ಹಾಡಿನ ದುರಸ್ತಿ ಟಿಪ್ಪಣಿ

ಬಹುಕಾಲದಿಂದ ಹಾರ್ಡ್ ಡಿಸ್ಕಿನಲ್ಲಿ ಬಿದ್ದಿದ್ದ ಹಾಡೊಂದನ್ನು ಹೌಸ್ (ಕ್ಲಬ್ಬುಗಳಲ್ಲಿ ಕುಣಿಯಲೆಂದು ಕಟ್ಟುವ ಎಲೆಕ್ಟ್ರಾನಿಕ್ ಸಂಗೀತ) ಸಿಂಗಲ್ ಆಗಿ ದುರಸ್ತಿ ಮಾಡಿ ಮುಗಿಸಿದ್ದೇನೆ. ಆ ಕೆಲಸ ನಡೆದ ಕ್ರಮವನ್ನು, ಕೈಕೊಟ್ಟ ಪ್ರಯತ್ನಗಳ ಸಮೇತ, ಇಲ್ಲಿ ಬರೆದಿಡುತ್ತಿದ್ದೇನೆ. ಹಾಡಿದವರ ದನಿಯಲ್ಲಿ ಕೊರತೆಯೇನೂ ಇರಲಿಲ್ಲ. ‘ಸನಿಹ ಬಾ’ ಎಂಬ ಎರಡೇ ಪದಗಳಿಂದ ಎತ್ತಿಕೊಳ್ಳುವ ಪಲ್ಲವಿ ಒಮ್ಮೆ ಕೇಳಿದವರ ನಾಲಿಗೆಯ ಮೇಲೆ ನಿಲ್ಲುತ್ತಿತ್ತು. ಆದರೂ ಹಾಡು ಹಾಕಿದರೆ ಯಾರೂ ಕಾಲು ಅಲುಗಿಸುತ್ತಿರಲಿಲ್ಲ. ಎರಡು ಬಗೆಯ ಪ್ಯಾಡ್ (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಸಿಂಥ್ ಸ್ವರಗಳು), ಪಿಯಾನೊ, ಗಿಟಾರ್, ಸ್ಟ್ರಿಂಗ್ಸ್, ಮೂರು ಪದರ ತಾಳವಾದ್ಯ, ಇಷ್ಟೆಲ್ಲದರ ಹಿಂದೆ ದನಿ ಎಲ್ಲೋ ದೂರದಲ್ಲಿ ಕೇಳುತ್ತಿತ್ತು.

ದುರಸ್ತಿಗೆ ಮಾದರಿಯಾಗಿ ಮುಂದಿಟ್ಟುಕೊಂಡದ್ದು ಇಂಥದ್ದೇ ಸ್ಥಿತಿಯಿಂದ ಮೇಲೆದ್ದು ಬಂದ ಒಂದು ಹಾಡನ್ನು. ಅಲೆನ್ ಜಾರ್ಜ್ ಮತ್ತು ಫ್ರೆಡ್ ಮ್ಯಾಕ್‌ಫಾರ್ಲೇನ್ ಬರೆದು, ನ್ಯೂಯಾರ್ಕಿನ ಗಾಯಕಿ ರಾಬಿನ್ ಎಸ್. ಹಾಡಿದ ‘ಶೋ ಮಿ ಲವ್’ ಬ್ರಿಟನ್ನಿನ ಚಾಂಪಿಯನ್ ರೆಕಾರ್ಡ್ಸ್ ಮೂಲಕ 1990ರಲ್ಲಿ ಮೊದಲು ಹೊರಬಂದಾಗ ದೊಡ್ಡ ಸದ್ದು ಮಾಡಲಿಲ್ಲ. 1992ರಲ್ಲಿ ಸ್ಟಾಕ್‌ಹೋಮಿನ ಸ್ವೆಮಿಕ್ಸ್ ಎಂಬ ಡಿಜೆ ಬಳಗದ ಸ್ಟೋನ್‌ಬ್ರಿಜ್, ಅಂದರೆ ಸ್ಟೆನ್ ಹಾಲ್‌ಸ್ಟ್ರೋಮ್, ಅದನ್ನು ರೀಮಿಕ್ಸ್‌ಗೆ ಎತ್ತಿಕೊಂಡರು. ಅವರು ಮೊದಲು ಮಾಡಿದ ಮಿಕ್ಸನ್ನು ಕಂಪನಿ ಒಪ್ಪಲಿಲ್ಲ. ಆಗ ಅವರು ಕಿಕ್ (ದೊಡ್ಡ ಡ್ರಮ್ಮಿನ ಪೆಟ್ಟು) ಮತ್ತು ದನಿಯನ್ನಷ್ಟೇ ಉಳಿಸಿಕೊಂಡು ಬಾಕಿಯೆಲ್ಲವನ್ನೂ ಮ್ಯೂಟ್ ಮಾಡಿ, ಕೊರ್ಗ್ ಎಂ1 ಕೀಬೋರ್ಡಿನಲ್ಲಿ ಕಾರ್ಖಾನೆಯಿಂದಲೇ ತುಂಬಿ ಬಂದಿದ್ದ ‘ಆರ್ಗನ್ 2’ ಎಂಬ ಪ್ರೀಸೆಟ್ಟಿನಲ್ಲಿ (ಸಿದ್ಧ ಸದ್ದಿನಲ್ಲಿ) ಬೇಸ್, ಅಂದರೆ ಕೆಳಸ್ವರಗಳ ಸಾಲು, ನುಡಿಸಿ, ಹಾಡನ್ನು ಹೊಸದಾಗಿ ಕಟ್ಟಿದರು. ಆ ರೂಪ 1993ರಲ್ಲಿ ಬ್ರಿಟನ್ನಿನ ಸಿಂಗಲ್ಸ್ ಪಟ್ಟಿಯಲ್ಲಿ 6ನೆಯ ಸ್ಥಾನಕ್ಕೂ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 5ನೆಯ ಸ್ಥಾನಕ್ಕೂ ಏರಿತು. ದನಿ ಅದೇ, ಪದಗಳೂ ಅವೇ. ಬದಲಾದದ್ದು ಅವುಗಳ ಸುತ್ತ ಇದ್ದದ್ದು. ಆ ಬೇಸಿನ ಸ್ವರಗಳನ್ನು ನಾನು ನಕಲು ಮಾಡಿಲ್ಲ. ಕೆಲಸದ ಕ್ರಮವನ್ನು ಮಾತ್ರ ತೆಗೆದುಕೊಂಡಿದ್ದೇನೆ.

ಬಳಸಿದ ಸಲಕರಣೆಗಳು ಹೆಚ್ಚೇನಿಲ್ಲ: ಒಂದು ಲ್ಯಾಪ್‌ಟಾಪ್, ಎರಡು ಇನ್‌ಪುಟ್‌ಗಳ ಆಡಿಯೊ ಇಂಟರ್‌ಫೇಸ್, 5 ಇಂಚಿನ ಒಂದು ಜೊತೆ ಮಾನಿಟರ್ ಸ್ಪೀಕರ್, ಮುಚ್ಚಿದ ಬಗೆಯ ಹೆಡ್‌ಫೋನ್, 25 ಕೀಗಳ ಚಿಕ್ಕ ಮಿಡಿ ಕೀಬೋರ್ಡ್, ಟಿಆರ್-909 ಎಂಬ ಡ್ರಮ್ ಯಂತ್ರದ ಸ್ಯಾಂಪಲ್‌ಗಳು (ಮುದ್ರಿಸಿಟ್ಟ ಸದ್ದಿನ ತುಣುಕುಗಳು) ಮತ್ತು ಉಚಿತವಾಗಿ ಸಿಗುವ ಒಂದು ಸ್ಪೆಕ್ಟ್ರಮ್ ಅನಲೈಸರ್ (ಸದ್ದಿನ ಆವರ್ತನಗಳನ್ನು ತೋರಿಸುವ ಸಾಧನ). ಹೊಸದಾಗಿ ಹಣ ಕೊಟ್ಟು ಕೊಂಡದ್ದು ಕೊರ್ಗ್ ಸಂಸ್ಥೆಯೇ ಮಾರುವ ಎಂ1 ಪ್ಲಗಿನ್ (ಆ ಕೀಬೋರ್ಡಿನ ಸಾಫ್ಟ್‌ವೇರ್ ರೂಪ) ಮಾತ್ರ. ಅದರ ಬೆಲೆ ಸುಮಾರು 100 ಡಾಲರ್, ರಿಯಾಯಿತಿ ಇರುವಾಗ ಅದಕ್ಕಿಂತ ಕಡಿಮೆ.

ಹಂತ 1: ದನಿಯನ್ನು ಬಿಡಿಸಿಕೊಳ್ಳುವುದು

ಹಳೆಯ ಪ್ರಾಜೆಕ್ಟ್ ಫೈಲಿನ ಪ್ರತಿ ಮಾಡಿ, ಮೂಲವನ್ನು ಹಾಗೆಯೇ ತೆಗೆದಿಟ್ಟೆ. ಪ್ರತಿಯಲ್ಲಿ ದನಿಯ ಟ್ರ್ಯಾಕ್ ಒಂದನ್ನು ಬಿಟ್ಟು ಎಲ್ಲವನ್ನೂ ಮ್ಯೂಟ್ ಮಾಡಿದೆ. ದನಿಯ ಮೇಲೆ ಮೊದಲು ಹಾಕಿದ್ದ ರಿವರ್ಬ್ (ಅನುರಣನ), ಡಿಲೇ (ಪ್ರತಿಧ್ವನಿ), ಎರಡು ಕಂಪ್ರೆಸರ್‌ಗಳನ್ನೂ (ಸದ್ದಿನ ಏರಿಳಿತ ತಗ್ಗಿಸುವ ಸಾಧನ) ತೆಗೆದೆ. ಹೀಗೆ ಬರಿದಾದ ದನಿಯನ್ನು ಒಂದಿಡೀ ಸಲ ಕೇಳುವುದು ಈ ಕೆಲಸದಲ್ಲಿ ತಪ್ಪಿಸಬಾರದ ಹೆಜ್ಜೆ. ಉಸಿರು ಎಲ್ಲಿದೆ, ಯಾವ ಸಾಲನ್ನು ಗಾಯಕಿ ಒತ್ತಿ ಹಾಡಿದ್ದಾರೆ, ಯಾವುದನ್ನು ಸುಮ್ಮನೆ ದಾಟಿಸಿದ್ದಾರೆ ಎಂಬುದೆಲ್ಲ ಆಗಲೇ ತಿಳಿಯುತ್ತದೆ. ಒತ್ತಿ ಹಾಡದ ಎರಡನೆಯ ಚರಣವನ್ನು ಅಲ್ಲಿಯೇ ಕೈಬಿಟ್ಟೆ.

ಹಾಡು ಧ್ವನಿಮುದ್ರಣವಾದದ್ದು 112 ಬಿಪಿಎಂ (ನಿಮಿಷಕ್ಕೆ ಅಷ್ಟು ಬೀಟು) ವೇಗದಲ್ಲಿ. ನನಗೆ ಬೇಕಾದದ್ದು 121. ಅಂದರೆ ಪ್ರತಿ ಸಾಲಿನ ಅವಧಿ ಶೇ. 7.4ರಷ್ಟು ಕುಗ್ಗಬೇಕು. ಇಡೀ ಟ್ರ್ಯಾಕನ್ನು ಒಂದೇ ಸಲಕ್ಕೆ ಟೈಮ್-ಸ್ಟ್ರೆಚ್ (ಶ್ರುತಿ ಬದಲಿಸದೆ ಅವಧಿ ಮಾತ್ರ ಬದಲಿಸುವುದು) ಮಾಡಿದ ಮೊದಲ ಪ್ರಯತ್ನ ಕೈಕೊಟ್ಟಿತು. ಎಳೆದು ಹಾಡಿದ ‘ಆ’ಕಾರಗಳಲ್ಲಿ ನೀರಿನೊಳಗಿಂದ ಬಂದಂಥ ಗುಳುಗುಳು ಶಬ್ದ ಸೇರಿಕೊಂಡಿತು. ವ್ಯಂಜನಗಳು ಚೂಪು ಕಳೆದುಕೊಂಡವು. ಎರಡನೆಯ ಸಲ ಹಾಡನ್ನು ಸಾಲು ಸಾಲಾಗಿ ಕತ್ತರಿಸಿ, ಸ್ಟ್ರೆಚ್ ಮಾಡದೆ, ಪ್ರತಿ ತುಣುಕನ್ನೂ ಹೊಸ ವೇಗದ ಗ್ರಿಡ್ಡಿನ ಮೇಲೆ ಸರಿಸಿ ಕೂಡಿಸಿದೆ. ಸಾಲುಗಳ ನಡುವೆ ಇದ್ದ ಬಿಡುವು ಕಡಿಮೆಯಾಯಿತು, ಆದರೆ ಸಾಲಿನೊಳಗಿನ ಉಚ್ಚಾರ ಹಾಗೆಯೇ ಉಳಿಯಿತು. ಮುಂದಿನ ಬೀಟಿನ ಮೇಲೆ ಹಾಯ್ದುಹೋಗುವಷ್ಟು ಉದ್ದವಾಗಿದ್ದ ಸ್ವರಗಳನ್ನು ಮಾತ್ರ ಸ್ಟ್ರೆಚ್ ಮಾಡಿ ಕುಗ್ಗಿಸಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ‘ಸನಿಹ’ ಎಂಬ ಪದದ ‘ಸ್’ ಸದ್ದು ತೆರೆಯಲು ಸುಮಾರು 90 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ತುಣುಕಿನ ಆರಂಭವನ್ನು, ಅಂದರೆ ಆ ಸೀಟಿಯಂಥ ಸದ್ದಿನ ಶುರುವನ್ನು, ಬೀಟಿನ ಮೇಲೆ ಕೂಡಿಸಿದಾಗ ಎಡುಪು (ಸಾಲು ಎತ್ತಿಕೊಳ್ಳುವ ಜಾಗ) ತಡವಾದಂತೆ, ಗಾಯಕಿಗೆ ಲಯವೇ ಗೊತ್ತಿಲ್ಲವೇನೋ ಎಂಬಂತೆ ಕೇಳಿಸಿತು. ಸ್ವರ ಬಾಯ್ದೆರೆಯುವ ಕ್ಷಣವನ್ನು, ಎಂದರೆ ‘ಸ’ದೊಳಗಿನ ಅಕಾರ ಶುರುವಾಗುವ ಬಿಂದುವನ್ನು, ಬೀಟಿನ ಮೇಲಿಟ್ಟು, ವ್ಯಂಜನವನ್ನು ಬೀಟಿಗೆ ಮುಂಚೆಯೇ ಬರಲು ಬಿಟ್ಟಾಗ ಸಾಲು ತಾನಾಗಿ ಕೂತುಕೊಂಡಿತು. ‘ಬಾ’ ಎಂಬಲ್ಲಿ ಈ ತೊಂದರೆಯಿಲ್ಲ. ತುಟಿ ಒಡೆಯುವುದೂ ಸ್ವರ ಹುಟ್ಟುವುದೂ ಹೆಚ್ಚುಕಡಿಮೆ ಒಟ್ಟಿಗೆ ಆಗುತ್ತವೆ. ಹಾಡಿನುದ್ದಕ್ಕೂ ಸ, ಶ, ಹ ಅಕ್ಷರಗಳಿಂದ ಶುರುವಾಗುವ ಸಾಲುಗಳನ್ನು ಹೀಗೆ ಒಂದೊಂದಾಗಿ ಸರಿಪಡಿಸಿದೆ. ಇಡೀ ದುರಸ್ತಿಯಲ್ಲಿ ಅತಿ ಹೆಚ್ಚು ಸಮಯ ತೆಗೆದುಕೊಂಡದ್ದು ಈ ಹಂತ, ಮತ್ತು ಆ ಸಮಯಕ್ಕೆ ತಕ್ಕ ಫಲ ಸಿಕ್ಕಿತು.

ಹಂತ 2: ಕಿಕ್

ರೋಲ್ಯಾಂಡ್ ಟಿಆರ್-909 ಯಂತ್ರ 1983ರಲ್ಲಿ ಬಂತು. ತಯಾರಾದದ್ದು ಸುಮಾರು 10,000 ಮಾತ್ರ. ಅದರ ಕಿಕ್, ಸ್ನೇರ್ (ಚರಚರ ಸದ್ದಿನ ಡ್ರಮ್), ಕ್ಲ್ಯಾಪ್‌ಗಳು (ಚಪ್ಪಾಳೆ) ಅನಲಾಗ್ ಸರ್ಕ್ಯೂಟಿನಿಂದ ಹುಟ್ಟುವ ಸದ್ದುಗಳು. ಹೈಹ್ಯಾಟ್ (ಜೋಡಿ ತಟ್ಟೆ) ಮತ್ತು ಸಿಂಬಲ್‌ಗಳು ಮಾತ್ರ ಸ್ಯಾಂಪಲ್‌ಗಳು. ಹೌಸ್ ಸಂಗೀತದಲ್ಲಿ ಬಾರಿನ, ಅಂದರೆ ನಾಲ್ಕು ಬೀಟುಗಳ ಆವರ್ತದ, ನಾಲ್ಕೂ ಬೀಟುಗಳ ಮೇಲೆ ಬೀಳುವ ಪೆಟ್ಟಿಗೆ ಇಂದಿಗೂ ಬಹುತೇಕರು ಮೊದಲು ಕೈಹಾಕುವುದು ಈ ಕಿಕ್ಕಿಗೇ.

ನಾನು ತೆಗೆದುಕೊಂಡ ಸ್ಯಾಂಪಲ್ ಮೇಲಿನಿಂದ ಧುಮುಕಿ 50 ಹರ್ಟ್ಸ್‌ನ ಆಸುಪಾಸು ಬಂದು ನಿಲ್ಲುತ್ತಿತ್ತು. ಹಾಡಿನ ಶ್ರುತಿ ಎ ಮೈನರ್. ಕೆಳಗಿನ ಎ ಸ್ವರ 55 ಹರ್ಟ್ಸ್. ಕಿಕ್ಕನ್ನು ಶ್ರುತಿಗೆ ಸೇರಿಸೋಣವೆಂದು ಸ್ಯಾಂಪಲ್ಲನ್ನು ಒಂದೂವರೆ ಸೆಮಿಟೋನ್‌ಗಿಂತ ತುಸು ಹೆಚ್ಚು ಏರಿಸಿ ನೋಡಿದೆ. ಅನಲೈಸರಿನಲ್ಲಿ ಎಲ್ಲವೂ ಸರಿಯಾಗಿ ಕಂಡಿತು, ಕಿವಿಗೆ ಸರಿಯೆನಿಸಲಿಲ್ಲ. ಕಿಕ್ಕಿನ ತೂಕ ಹೋಗಿ ಪೆಟ್ಟು ಮಾತ್ರ ಉಳಿಯಿತು. ಹಿಂದಿನ ಶ್ರುತಿಗೇ ಮರಳಿಸಿದೆ. ಬದಲಿಗೆ ಉದ್ದವನ್ನು 400 ಮಿಲಿಸೆಕೆಂಡಿನಿಂದ 240ಕ್ಕೆ ಇಳಿಸಿದೆ. 121 ಬಿಪಿಎಂನಲ್ಲಿ ಒಂದು ಬೀಟಿನ ಅವಧಿ 496 ಮಿಲಿಸೆಕೆಂಡ್. ಕಿಕ್ ಅದರ ಅರ್ಧದೊಳಗೆ ಮುಗಿದುಹೋದರೆ ಉಳಿದರ್ಧ ಬೇಸಿಗೆ ಸಿಗುತ್ತದೆ. ಬಳಿಕ ಸ್ಯಾಚುರೇಶನ್ ಪ್ಲಗಿನ್ನಿನಿಂದ ಸ್ವಲ್ಪ ಒಡಕು ಸೇರಿಸಿದೆ. ಒಡಕು ಬೇರೆಯಾಗಿ ಕೇಳಿಸುವಷ್ಟು ಇರಬಾರದು, ತೆಗೆದಾಗ ಮಾತ್ರ ಇಲ್ಲವೆಂದು ತಿಳಿಯುವಷ್ಟಿರಬೇಕು.

ಈಗ ಕಿಕ್ ಮತ್ತು ದನಿ ಎರಡನ್ನೇ ಕೂಡಿಸಿ ಕೇಳಿದೆ. ಹಾಡು ತನ್ನ ಕಾಲ ಮೇಲೆ ನಿಂತಿತು. ಬೇರೇನೂ ಇಲ್ಲದೆಯೇ ತಲೆದೂಗುವಂತಾಗಿತ್ತು. ಇಲ್ಲಿಗೆ ಬಂದಾಗಲೂ ತಲೆ ಅಲುಗದಿದ್ದರೆ ಮೇಲೆ ಏನು ಸೇರಿಸಿದರೂ ಪ್ರಯೋಜನವಿಲ್ಲ, ಹಿಂದಿನ ಹಂತಕ್ಕೆ ಹೋಗಿ ಎಡುಪುಗಳನ್ನು ಮತ್ತೆ ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಂತ 3: ಬೇಸ್

ಹಾಡಿನ ಹಣೆಬರಹ ತೀರ್ಮಾನವಾದದ್ದು ಈ ಹಂತದಲ್ಲಿ.

ಮೊದಲ ಪ್ರಯತ್ನದಲ್ಲಿ ಅನಲಾಗ್ ಬಗೆಯ ಸಿಂಥ್ ಪ್ಲಗಿನ್ನಿನಿಂದ ಗರಗಸದ ಹಲ್ಲಿನ ಅಲೆಯ ದಪ್ಪ ಬೇಸ್ ಹಾಕಿದೆ. ಒಂಟಿಯಾಗಿ ಕೇಳಿದರೆ ಭರ್ಜರಿಯಾಗಿತ್ತು. ದನಿಯೊಂದಿಗೆ ಸೇರಿಸಿದಾಗ 200ರಿಂದ 500 ಹರ್ಟ್ಸ್‌ವರೆಗಿನ ಜಾಗವನ್ನೆಲ್ಲ ತಾನೇ ತುಂಬಿಕೊಂಡು, ದನಿಯ ಎದೆಯ ಭಾಗವನ್ನು ನುಂಗಿಹಾಕಿತು. ಫಿಲ್ಟರ್ ಇಳಿಸಿದರೆ ದನಿ ಬಿಡುಗಡೆಯಾಗುತ್ತಿತ್ತು, ಆದರೆ ಬೇಸ್ ಚಿಕ್ಕ ಸ್ಪೀಕರಿನಲ್ಲಿ ಪೂರ್ತಿ ಮಾಯವಾಗುತ್ತಿತ್ತು. ಎರಡನೆಯ ಪ್ರಯತ್ನದಲ್ಲಿ ಪಿಯಾನೊದ ಕೆಳ ಸ್ಥಾಯಿಯಲ್ಲಿ ನುಡಿಸಿದೆ. ಸ್ವರ ನಿಂತ ಮೇಲೂ ತಂತಿಯ ಅನುರಣನ ಉಳಿದು ಲಯ ಮಸುಕಾಯಿತು.

ಆಮೇಲೆ ಎಂ1 ತೆರೆದೆ. ಈ ಕೀಬೋರ್ಡ್ 1988ರಲ್ಲಿ ಮಾರುಕಟ್ಟೆಗೆ ಬಂದದ್ದು. ಪಿಯಾನೊ, ಆರ್ಗನ್, ಸ್ಟ್ರಿಂಗ್ಸ್, ಡ್ರಮ್ಸ್ ಎಲ್ಲವನ್ನೂ ಸೇರಿಸಿ ಅದರ ಬದಲಿಸಲಾಗದ ಸ್ಮರಣೆಯಲ್ಲಿ (ROM) ಇದ್ದ ಸ್ಯಾಂಪಲ್‌ಗಳ ಒಟ್ಟು ಗಾತ್ರ 4 ಮೆಗಾಬೈಟ್. ಒಟ್ಟಿಗೆ ನುಡಿಯುವ ಸ್ವರಗಳು ಹೆಚ್ಚೆಂದರೆ 16. ಅದರ ಫಿಲ್ಟರಿಗೆ ರೆಸೊನೆನ್ಸ್ (ಆಯ್ದ ಆವರ್ತನವನ್ನು ಎತ್ತಿ ತೋರಿಸುವ ಗುಣ) ಇಲ್ಲ, ಹಾಗಾಗಿ ಸದ್ದನ್ನು ತಿರುಚಿ ಬೇರೆಯಾಗಿಸಲು ಹೆಚ್ಚಿನ ಅವಕಾಶವೂ ಇಲ್ಲ. ಆದರೆ ‘ಆರ್ಗನ್ 2’ ಒತ್ತಿದ ಕೂಡಲೇ ಮೊದಲಿಗೆ ಮರಕ್ಕೆ ಮರ ತಾಗಿದಂಥ ಒಂದು ಸಣ್ಣ ಟಕ್ ಸದ್ದು, ಅದರ ಬೆನ್ನಿಗೆ ಟೊಳ್ಳಾದ ದುಂಡು ಸ್ವರ, ಬೆರಳೆತ್ತಿದರೆ ತಕ್ಷಣ ಮೌನ. ಬೇಸಿನ ಕೆಲಸಕ್ಕೆ ಬೇಕಾದ ಮೂರೂ ಗುಣಗಳು ಅದರಲ್ಲಿ ಮೊದಲೇ ಇದ್ದವು.

ಅಷ್ಟಾದರೂ ಅದು ನೇರವಾಗಿ ಕೂರಲಿಲ್ಲ. ನಾನು ಮೊದಲು ನುಡಿಸಿದ್ದು 55 ಹರ್ಟ್ಸ್‌ನ ಎ ಸ್ವರದಿಂದ. ಕಿಕ್ಕಿನ ಬಾಲ 50 ಹರ್ಟ್ಸ್‌ನಲ್ಲಿ, ಆರ್ಗನ್ನಿನ ತಳ 55ರಲ್ಲಿ. ಇವೆರಡೂ ಒಟ್ಟಿಗೆ ಬಿದ್ದಾಗಲೆಲ್ಲ ತಳಭಾಗ ಒಮ್ಮೆ ಉಬ್ಬಿ ಒಮ್ಮೆ ಕುಗ್ಗಿ ಅಲುಗಾಡುತ್ತಿತ್ತು. ಈಕ್ಯೂ (ಆವರ್ತನಗಳನ್ನು ಏರಿಳಿಸುವ ಸಾಧನ) ಬಳಸಿ ಎರಡನ್ನೂ ಕೊರೆದು ನೋಡಿದೆ. ಅಲುಗಾಟ ಕಡಿಮೆಯಾಯಿತು, ಜೊತೆಗೆ ಎರಡರ ಬಲವೂ ಕುಗ್ಗಿತು. ಕೊನೆಗೆ ಬೇಸಿನ ಸಾಲನ್ನೇ ಒಂದು ಸ್ಥಾಯಿ ಮೇಲಕ್ಕೆ, 110 ಹರ್ಟ್ಸ್‌ಗೆ ಎತ್ತಿ, ಅದರಲ್ಲಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದೆ. ನೆಲಮಾಳಿಗೆ ಕಿಕ್ಕಿಗೆ, ಅದರ ಮೇಲಿನ ಮಹಡಿ ಆರ್ಗನ್ನಿಗೆ ಎಂದು ಪಾಲಾದ ಮೇಲೆ ಜಗಳ ನಿಂತಿತು. ಬೇಸ್ ಎಂದರೆ ಕೆಳಗಿರಲೇಬೇಕು ಎಂದುಕೊಂಡವರಿಗೆ ಇದು ವಿಚಿತ್ರವೆನಿಸಬಹುದು. ಎರಡನ್ನೂ ಕೂಡಿಸಿ ಕೇಳುವವರಿಗೆ ಬೇಸ್ ಮೇಲೇರಿದಂತೆ ಅನ್ನಿಸುವುದೇ ಇಲ್ಲ, ಏಕೆಂದರೆ ತಳವನ್ನು ಕಿಕ್ ಹೊತ್ತುಕೊಂಡಿರುತ್ತದೆ.

ಸ್ವರಗಳ ಜಾಗ: ಒಂದು ಬಾರನ್ನು 16 ಮನೆಗಳಾಗಿ ಎಣಿಸಿದರೆ ಕಿಕ್ ಬೀಳುವುದು 1, 5, 9, 13ನೆಯ ಮನೆಗಳಲ್ಲಿ. ಆರ್ಗನ್ನನ್ನು ನಾನಿಟ್ಟದ್ದು 1, 4, 7, 11, 14ರಲ್ಲಿ. ಮೊದಲ ಮನೆಯಲ್ಲಿ ಮಾತ್ರ ಇಬ್ಬರೂ ಕೂಡುತ್ತಾರೆ. ಉಳಿದೆಡೆ ಕಿಕ್ ಬಿಟ್ಟ ಜಾಗಕ್ಕೆ ಆರ್ಗನ್ ಬರುತ್ತದೆ. ಇದಕ್ಕೂ ಮುಂಚೆ ಎಂಟು ಸ್ವರಗಳ ಸಾಲೊಂದನ್ನು ಕಟ್ಟಿದ್ದೆ. ಅದನ್ನು ಬೆರಳಲ್ಲಿ ನುಡಿಸುವಾಗ ಖುಷಿ ಕೊಡುತ್ತಿತ್ತು, ಆದರೆ ದನಿ ಬಂದ ಕೂಡಲೇ ಎರಡೂ ಒಟ್ಟಿಗೆ ಮಾತಾಡಿದಂತಾಗುತ್ತಿತ್ತು. ಮೂರು ಸ್ವರಗಳನ್ನು ಕಿತ್ತಮೇಲೆ ಪಲ್ಲವಿಯ ಪದಗಳಿಗೆ ಉಸಿರಾಡಲು ಜಾಗ ಸಿಕ್ಕಿತು.

ಸ್ವರದ ಉದ್ದ ಮತ್ತೊಂದು ನಿರ್ಣಾಯಕ ಸಂಗತಿ. ಈ ವೇಗದಲ್ಲಿ ಒಂದು ಮನೆಯ ಅವಧಿ 124 ಮಿಲಿಸೆಕೆಂಡ್. ಪೂರ್ತಿ 124 ಇಟ್ಟಾಗ ಸಾಲು ಎಳೆದಂತೆ ಕೇಳಿಸಿತು, 50ಕ್ಕೆ ಇಳಿಸಿದಾಗ ಟಕ್ ಸದ್ದು ಮಾತ್ರ ಉಳಿದು ಶ್ರುತಿಯೇ ತಿಳಿಯದಾಯಿತು. 80 ಮಿಲಿಸೆಕೆಂಡಿಗೆ ನಿಲ್ಲಿಸಿದೆ. 14ನೆಯ ಮನೆಯ ಸ್ವರವೊಂದನ್ನು ಮಾತ್ರ 160ರವರೆಗೆ ಬಿಟ್ಟೆ. ಅದು ಮುಂದಿನ ಬಾರ್‌ನ ಕಡೆಗೆ ಎಳೆದುಕೊಂಡು ಹೋಗುತ್ತದೆ. ಸೈಡ್‌ಚೈನ್ ಕಂಪ್ರೆಸರನ್ನು ಕಿಕ್ ಬಿದ್ದಾಗ ಆರ್ಗನ್ 3 ಡೆಸಿಬೆಲ್ ತಗ್ಗುವಷ್ಟು ಮಾತ್ರ ಇಟ್ಟೆ. ಸ್ವರಗಳನ್ನೇ ಕಿಕ್ಕಿನಿಂದ ದೂರ ಇಟ್ಟಿದ್ದರಿಂದ ಅದಕ್ಕಿಂತ ಹೆಚ್ಚಿನ ಅಗತ್ಯ ಬೀಳಲಿಲ್ಲ.

ಈ ಸದ್ದು ಎಲ್ಲಿ ಗೆಲ್ಲುತ್ತದೆ ಎಂದು ನೋಡಲು ಮಿಕ್ಸನ್ನು ಫೋನಿನ ಸ್ಪೀಕರಿನಲ್ಲಿ ಹಾಕಿದೆ. ಅಷ್ಟು ಚಿಕ್ಕ ಸ್ಪೀಕರ್ 110 ಹರ್ಟ್ಸನ್ನು ಹೊರಹಾಕಲಾರದು. ಆದರೆ ಆರ್ಗನ್ನಿನ 330, 440 ಹರ್ಟ್ಸ್‌ನ ಮೇಲಿನ ಹಾರ್ಮೋನಿಕ್‌ಗಳೂ (ಮೂಲ ಸ್ವರದ ಗುಣಕಗಳು) ಆ ಟಕ್ ಸದ್ದೂ ಹೊರಬಂದು, ಬೇಸಿನ ಸಾಲು ಪೂರ್ತಿ ಗುನುಗುವಷ್ಟು ಸ್ಪಷ್ಟವಾಗಿ ಕೇಳಿಸಿತು. 1993ರಲ್ಲಿ ‘ಶೋ ಮಿ ಲವ್’ ಕ್ಲಬ್ಬಿನ ದೊಡ್ಡ ಸ್ಪೀಕರನ್ನೂ ಅಡುಗೆಮನೆಯ ಪುಟ್ಟ ರೇಡಿಯೊವನ್ನೂ ಒಂದೇ ಸಾಲಿನಿಂದ ಗೆದ್ದದ್ದಕ್ಕೆ ಇದೇ ಮುಖ್ಯ ಕಾರಣವೆಂದು ಈ ಪ್ರಯೋಗದ ನಂತರ ನನಗೆ ಅನ್ನಿಸಿದೆ. ಕುಣಿಯುವ ನೆಲದ ಮೇಲೆ ಮೈಗೆ ತಾಗುವ ಬೇಸ್‌ಗಳು ಸಾವಿರ ಇವೆ. ಮನೆಗೆ ಬಂದ ಮೇಲೂ ಬಾಯಲ್ಲಿ ಗುನುಗಬಹುದಾದ ಬೇಸ್ ಅಪರೂಪ.

ಹಂತ 4: ಹೈಹ್ಯಾಟ್ ಮತ್ತು ಕ್ಲ್ಯಾಪ್

ಬೀಟುಗಳ ನಡುವೆ ತೆರೆದ ಹೈಹ್ಯಾಟ್, 2 ಮತ್ತು 4ನೆಯ ಬೀಟಿನ ಮೇಲೆ ಕ್ಲ್ಯಾಪ್. ಮುಚ್ಚಿದ ಹೈಹ್ಯಾಟನ್ನು ಎಲ್ಲ 16 ಮನೆಗಳಲ್ಲೂ ಇಟ್ಟು ಸ್ವಿಂಗ್ ಕೊಟ್ಟೆ. ಶೇ. 58ರ ಸ್ವಿಂಗ್‌ನಲ್ಲಿ ಸಮಸಂಖ್ಯೆಯ ಮನೆಗಳು 20 ಮಿಲಿಸೆಕೆಂಡ್ ತಡವಾಗಿ ಬೀಳುತ್ತವೆ, ಹಾಡು ಕುಂಟಿದಂತಾಯಿತು. ಶೇ. 54ರಲ್ಲಿ ತಡ 10 ಮಿಲಿಸೆಕೆಂಡ್ ಮಾತ್ರ, ಅದು ಒಪ್ಪಿತು. ಆರ್ಗನ್ನಿನ 4 ಮತ್ತು 14ನೆಯ ಮನೆಗಳಿಗೂ ಅದೇ ಸ್ವಿಂಗ್ ಕೊಡಬೇಕು. ಕೊಡದೆ ಬಿಟ್ಟಾಗ ಹೈಹ್ಯಾಟ್ ಒಂದು ಕಡೆ, ಬೇಸ್ ಒಂದು ಕಡೆ ಎಳೆಯುತ್ತವೆ.

ಹಂತ 5: ಏನನ್ನು ವಾಪಸು ತರಬೇಕು

ಮ್ಯೂಟ್ ಮಾಡಿದ್ದ ಹಳೆಯ ಟ್ರ್ಯಾಕುಗಳನ್ನು ಒಂದೊಂದಾಗಿ ತೆರೆದು, ತೆರೆದ ಮೇಲೆ ದನಿ ಹಿಂದಕ್ಕೆ ಸರಿದಂತೆ ಕೇಳಿಸಿದರೆ ತಕ್ಷಣ ಮುಚ್ಚುವುದು ಎಂಬ ಒಂದೇ ನಿಯಮವನ್ನು ಇಟ್ಟುಕೊಂಡೆ. ಗಿಟಾರ್ ಹೋಯಿತು. ಪಿಯಾನೊ ಹೋಯಿತು. ಎರಡೂ ಪ್ಯಾಡ್‌ಗಳು ಹೋದವು. ಪಿಯಾನೊವನ್ನು ಬಿಡಲು ನಿಜವಾಗಿಯೂ ಮನಸ್ಸಾಗಲಿಲ್ಲ, ಬಹಳ ಶ್ರಮದಿಂದ ನುಡಿಸಿದ ಭಾಗವದು; ಆದರೆ ಆರ್ಗನ್ನಿನ ಟಕ್ ಸದ್ದೂ ಪಿಯಾನೊದ ಸುತ್ತಿಗೆಯ ಪೆಟ್ಟೂ ಒಂದೇ ಜಾಗದಲ್ಲಿ ಬಿದ್ದು ಎರಡೂ ಮಂಕಾಗುತ್ತಿದ್ದವು. ಉಳಿದದ್ದು ಸ್ಟ್ರಿಂಗ್ಸ್‌ನ ಒಂದೇ ಎಳೆ, ಅದೂ ಕೊನೆಯ ಪಲ್ಲವಿಗೆ ಮಾತ್ರ, 300 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿಕೊಂಡು. ಅಂತಿಮ ಮಿಕ್ಸಿನಲ್ಲಿ, ದನಿಯ ಹಿನ್ನೆಲೆ ಪದರಗಳನ್ನು ಬಿಟ್ಟರೆ, ವಾದ್ಯದ ಟ್ರ್ಯಾಕುಗಳು ಏಳು.

ರಚನೆಯಲ್ಲಿ ಡಿಜೆಗಳ ಅನುಕೂಲವನ್ನು ಮೊದಲು ನೋಡಿದೆ. ಹಿಂದಿನ ಹಾಡಿನೊಂದಿಗೆ ಬೆರೆಸಲು ಅವರಿಗೆ ಬರಿಯ ತಾಳ ಬೇಕು. ಆದ್ದರಿಂದ ಆರಂಭದಲ್ಲೂ ಕೊನೆಯಲ್ಲೂ 32 ಬಾರ್ ತಾಳಕ್ಕೆ ಬಿಟ್ಟೆ. ಈ ವೇಗದಲ್ಲಿ ಅದು ಒಂದು ನಿಮಿಷದ ಮೇಲೆ ಮೂರೂವರೆ ಸೆಕೆಂಡ್. ಆರಂಭದ 17ನೆಯ ಬಾರಿನಿಂದ ಆರ್ಗನ್ ಒಬ್ಬಂಟಿಯಾಗಿ ತಾಳಕ್ಕೆ ಸೇರುತ್ತದೆ, ದನಿ ಬರುವ ಹೊತ್ತಿಗೆ ಕೇಳುವವರಿಗೆ ಅದು ಪರಿಚಿತವಾಗಿರುತ್ತದೆ.

ಹಂತ 6: ದೊಡ್ಡ ಸ್ಪೀಕರಿನ ಪರೀಕ್ಷೆ

ಮೊದಲು ಮೊನೊ (ಎಡಬಲ ಕೂಡಿಸಿ ಒಂದೇ ಚಾನಲ್) ಪರೀಕ್ಷೆ. ಮಾಸ್ಟರ್ ಚಾನಲ್ಲನ್ನು ಮೊನೊಗೆ ತಿರುಗಿಸಿದ ಕೂಡಲೇ ಆರ್ಗನ್ ಅರ್ಧಕ್ಕರ್ಧ ತೆಳುವಾಯಿತು. ಕಾರಣ ಪ್ರೀಸೆಟ್ಟಿನೊಂದಿಗೇ ಬರುವ ಎಫೆಕ್ಟ್‌ಗಳು. ಎಂ1ರ ಒಳಗೆ ಎರಡು ಎಫೆಕ್ಟ್ ಘಟಕಗಳಿವೆ. ಅವು ಸದ್ದನ್ನು ಎಡಬಲಕ್ಕೆ ಹರಡಿ ಹೆಡ್‌ಫೋನಿನಲ್ಲಿ ಸೊಗಸಾಗಿ ಕೇಳಿಸುತ್ತವೆ, ಎರಡೂ ಬದಿ ಕೂಡಿದಾಗ ಒಂದನ್ನೊಂದು ಅಳಿಸುತ್ತವೆ. ಅನೇಕ ಕ್ಲಬ್ಬುಗಳ ಸ್ಪೀಕರ್ ವ್ಯವಸ್ಥೆ ಮೊನೊ. ವಿನೈಲ್ ತಟ್ಟೆಗೆ ಕೊರೆಯುವಾಗಲೂ ಕೆಳಗಿನ ಸದ್ದುಗಳನ್ನು ಮಧ್ಯದಲ್ಲೇ ಇಡಬೇಕಾಗುತ್ತದೆ, ಇಲ್ಲದಿದ್ದರೆ ಸೂಜಿ ಗೀರಿನಿಂದ ಹಾರುತ್ತದೆ. ಎಫೆಕ್ಟ್ ಘಟಕಗಳೆರಡನ್ನೂ ಆಫ್ ಮಾಡಿ, ಆರ್ಗನ್ನನ್ನು ಪೂರ್ತಿ ಮೊನೊ ಮಾಡಿ, ಬೇರೆ ಚಾನಲ್ಲಿನಲ್ಲಿ 400 ಹರ್ಟ್ಸ್‌ಗಿಂತ ಮೇಲಿನ ಭಾಗಕ್ಕೆ ಮಾತ್ರ ಸಣ್ಣ ಕೋಣೆಯ ರಿವರ್ಬ್ ಕೊಟ್ಟೆ.

ನಂತರ ಪರಿಚಯದ ಡಿಜೆಯೊಬ್ಬರ ನೆರವಿನಿಂದ, ಸಬ್‌ವೂಫರ್‌ಗಳಿರುವ ಸಭಾಂಗಣವೊಂದರಲ್ಲಿ ಹಾಡನ್ನು ಬೇರೆ ಹಾಡುಗಳ ನಡುವೆ ಹಾಕಿಸಿ, ಸ್ಪೀಕರಿನ ಮುಂದೆ ನಿಲ್ಲದೆ ಜನರ ಹಿಂದೆ ನಿಂತು ನೋಡಿದೆ. ಎರಡು ದೋಷಗಳು ಕಂಡವು. ಕೊನೆಯ ಪಲ್ಲವಿಗೆ ಮುಂಚೆ ಕಿಕ್ ನಿಲ್ಲಿಸಿ ದನಿಯನ್ನು ಒಂಟಿಯಾಗಿ ಬಿಟ್ಟ 8 ಬಾರುಗಳು, ಎಂದರೆ ಸುಮಾರು 16 ಸೆಕೆಂಡ್, ಮನೆಯಲ್ಲಿ ಮನಮುಟ್ಟುವಂತಿದ್ದವು. ಅಲ್ಲಿ ಐದಾರು ಸೆಕೆಂಡ್ ಕಳೆಯುವಷ್ಟರಲ್ಲೇ ಜನ ಪಕ್ಕದವರೊಂದಿಗೆ ಮಾತಿಗೆ ತೊಡಗಿದರು. ಅದನ್ನು 4 ಬಾರ್‌ಗಳಿಗೆ ಇಳಿಸಿದೆ. ಎರಡನೆಯದು ದನಿಯ 3 ಕಿಲೊಹರ್ಟ್ಸ್‌ನ ಆಸುಪಾಸು. ಚಿಕ್ಕ ಸ್ಪೀಕರಿನಲ್ಲಿ ಸ್ಪಷ್ಟತೆ ಎನಿಸಿದ್ದು ದೊಡ್ಡ ಸದ್ದಿನಲ್ಲಿ ಕಿವಿಗೆ ಚುಚ್ಚಿತು. 2.5 ಡೆಸಿಬೆಲ್ ಇಳಿಸಿದೆ. ಪಲ್ಲವಿಯ ಎರಡನೆಯ ಸುತ್ತಿಗೆ ‘ಸನಿಹ ಬಾ’ ಎಂದು ಮುಂದಿನ ಸಾಲಿನ ಕೆಲವರು ಜೊತೆಗೂಡಿ ಹಾಡಿದ್ದನ್ನು ಕಂಡಾಗ ಆದ ಸಂತೋಷವನ್ನು ಮುಚ್ಚಿಡಲಾರೆ.

ಮಾದರಿ ಹಾಡಿನೊಂದಿಗೆ ಹೋಲಿಸಿ ನೋಡಲು ಎರಡರ ಸದ್ದಿನ ಮಟ್ಟವನ್ನು ಮೀಟರಿನಲ್ಲಿ ಸಮ ಮಾಡಿಕೊಂಡೆ. ಜೋರಾದದ್ದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಸಮ ಮಾಡಿದ ಮೇಲೆ ತಿಳಿದದ್ದು: ನನ್ನ ಕ್ಲ್ಯಾಪ್ ಬಹಳ ಮೃದುವಾಗಿತ್ತು. 1992ರ ಮಿಕ್ಸಿನ ಹಿಂಬೀಟು (2 ಮತ್ತು 4ನೆಯ ಬೀಟಿನ ಪೆಟ್ಟು) ಗಡುಸಾಗಿ, ತುಸು ಒಡೆದು, ದನಿಗೆ ಸರಿಸಮನಾಗಿ ನಿಲ್ಲುತ್ತದೆ. ಕ್ಲ್ಯಾಪ್ ಕೆಳಗೆ 909ರ ಸ್ನೇರ್ ಸೇರಿಸಿ, ಎರಡನ್ನೂ ಒಟ್ಟಿಗೆ ಸ್ಯಾಚುರೇಶನ್‌ಗೆ ಕಳಿಸಿದ ಮೇಲೆ ಅಂತರ ಬಹುಮಟ್ಟಿಗೆ ತುಂಬಿತು.

ಹಂತ 7: ಕಾಗದಪತ್ರ ಮತ್ತು ಬಿಡುಗಡೆ

ಬಿಡುಗಡೆಗೆ ಮುಂಚೆ ಯಾರಿಗೆ ಎಷ್ಟು ಪಾಲು ಎಂಬುದನ್ನು ಬರೆದು ಎಲ್ಲರ ಸಹಿ ಹಾಕಿಸಿದೆ. ಇದನ್ನು ಹಾಡು ಗೆದ್ದ ಮೇಲೆ ಮಾಡೋಣವೆಂದು ಮುಂದೂಡಬಾರದು. ಸಾಹಿತ್ಯ ಮತ್ತು ರಾಗದ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ರೀಮಿಕ್ಸ್ ಮಾಡುವವರು ಸಾಮಾನ್ಯವಾಗಿ ಮೊದಲ ಹಕ್ಕಿನೊಳಗೆ ಬರುವುದೇ ಇಲ್ಲ. ಜೂನ್ 2022ರಲ್ಲಿ ಬಿಯಾನ್ಸೆಯ ‘ಬ್ರೇಕ್ ಮೈ ಸೋಲ್’ ಬಿಡುಗಡೆಯಾದಾಗ, ಅದರ ಆರ್ಗನ್ ಬೇಸ್ ಕೇಳಿದವರೆಲ್ಲ ನೆನೆದದ್ದು ಸ್ಟೋನ್‌ಬ್ರಿಜ್ ಮಿಕ್ಸನ್ನು. ಲೇಖಕರ ಪಟ್ಟಿಯಲ್ಲಿ ಇದ್ದದ್ದು ಅಲೆನ್ ಜಾರ್ಜ್ ಮತ್ತು ಫ್ರೆಡ್ ಮ್ಯಾಕ್‌ಫಾರ್ಲೇನ್ ಅವರ ಹೆಸರುಗಳು. ಇದರಲ್ಲಿ ಯಾರ ತಪ್ಪೂ ಇಲ್ಲ, ಹಾಡು ಬರೆದವರು ಅವರೇ. ಆದರೆ ಬೇಸಿನ ಒಂದು ಸಾಲು ಹಾಡಿನ ಗುರುತೇ ಆಗಿಬಿಡುವ ಈ ಪ್ರಕಾರದಲ್ಲಿ, ಆ ಸಾಲನ್ನು ಕಟ್ಟಿದವರಿಗೆ ಪಾಲಿದೆಯೇ ಇಲ್ಲವೇ ಎಂಬುದನ್ನು ಮೊದಲೇ ಮಾತಾಡಿಕೊಳ್ಳುವುದು ನ್ಯಾಯ. ನಮ್ಮ ಕಾಗದದಲ್ಲಿ ಬೇಸಿಗೂ ಒಂದು ಪಾಲನ್ನು ಬರೆದಿದ್ದೇವೆ.

ಕ್ಲಬ್ ರೂಪಕ್ಕೂ ರೇಡಿಯೊ ರೂಪಕ್ಕೂ ಬೇರೆ ಬೇರೆ ಐಎಸ್‌ಆರ್‌ಸಿ ಸಂಖ್ಯೆ ತೆಗೆದುಕೊಂಡೆ. 12 ಅಕ್ಷರಾಂಕಗಳ ಈ ಗುರುತು ಒಂದು ಧ್ವನಿಮುದ್ರಣಕ್ಕೆ ಒಂದರಂತೆ, ಒಂದೇ ಸಂಖ್ಯೆಯನ್ನು ಎರಡು ಮಿಕ್ಸಿಗೆ ಅಂಟಿಸಿದರೆ ಲೆಕ್ಕ ಕಲಸುಹೋಗುತ್ತದೆ. ಮಾಸ್ಟರಿನ ಗರಿಷ್ಠ ಮಟ್ಟ ಮೈನಸ್ 1 ಡೆಸಿಬೆಲ್. ಎಲ್ಲವನ್ನೂ 24 ಬಿಟ್ ವೇವ್ ಫೈಲಾಗಿ ತೆಗೆದಿಟ್ಟಿದ್ದೇನೆ. ಅವುಗಳ ಜೊತೆಗೆ ಬರಿಯ ದನಿಯ ಫೈಲನ್ನೂ, ಯಾವ ಎಫೆಕ್ಟೂ ಇಲ್ಲದೆ, ಹೆಸರಿನಲ್ಲೇ 121 ಬಿಪಿಎಂ, ಎ ಮೈನರ್ ಎಂದು ಬರೆದು ಇಟ್ಟಿದ್ದೇನೆ. ನನ್ನ ಮಿಕ್ಸ್ ಒಪ್ಪದ ಯಾರಾದರೂ ಕೇಳಿದರೆ ಕಳಿಸುವುದಕ್ಕೆ ಬೇಕಾಗುವುದು ಆ ಫೈಲೇ.